ಮಾಲ್ಕಿ ಮರ, ಸರಕಾರಿ ಮರ: ಹೈದರಾಬಾದು ಪ್ರಾಂತ್ಯದಲ್ಲಿ ಮರ ಕಡಿಯುವ ಪರವಾನಗಿಯ ಚರಿತ್ರೆ

ಬೀದರ, ಕಲಬುರಗಿ ಅಥವಾ ರಾಯಚೂರು ಜಿಲ್ಲೆಯ ರೈತನೊಬ್ಬ ತನ್ನ ಹೊಲದ ಬದುವಿನ ಮೇಲಿರುವ ಮರವನ್ನು ಕಡಿದು ಸಾಗಿಸಬೇಕಾದರೆ ಅವನ ಬಾಯಲ್ಲಿ ಬರುವ ಮಾತುಗಳನ್ನು ಗಮನಿಸಬೇಕು. ಮೊದಲು ದರಖಾಸ್ತು ಕೊಡಬೇಕು, ಜಮೀನು ತನ್ನ ಮಾಲ್ಕಿಯದೆಂದು ತೋರಿಸಬೇಕು, ಪಂಚನಾಮೆ ಆಗಬೇಕು, ಮಂಜೂರಾದರೆ ಪರವಾನಗಿ ಸಿಗುತ್ತದೆ, ಕಡಿದ ಮರ ಹಾದಿ ಹಿಡಿಯಲು ರಹದಾರಿ ಬೇಕು, ಇವುಗಳಲ್ಲಿ ಒಂದು ತಪ್ಪಿದರೂ ಮಾಲು ಜಪ್ತಿಯಾಗಿ ಜುಲ್ಮಾನೆ ಬೀಳುತ್ತದೆ. ಹೊಲ, ಬದು, ಮರ, ಕಡಿ ಎಂಬ ಮಾತುಗಳು ಕನ್ನಡದವು. ಉಳಿದವು ಬಹುಮಟ್ಟಿಗೆ ಪಾರಸಿ, ಅರಬ್ಬಿ ಮೂಲದವು; ಪಂಚನಾಮೆಯೊಂದರಲ್ಲಿ ಮಾತ್ರ ಅರ್ಧ ಸಂಸ್ಕೃತ ಸೇರಿಕೊಂಡಿದೆ. ಗಡಿಯಾಚೆಯ ತಾಂಡೂರು, ಕೊಡಂಗಲ್ಲುಗಳಲ್ಲಿ ತೆಲುಗು ಆಡುವ ರೈತನೂ ದರಖಾಸ್ತು, ಮಂಜೂರು, ಪಂಚನಾಮಾ, ಜರಿಮಾನಾ ಎಂದೇ ಹೇಳುತ್ತಾನೆ.

ಈ ಪದಗಳೆಲ್ಲ ನಿಜಾಮರ ಆಡಳಿತದಿಂದಲೇ ಬಂದವೆಂದು ಹೇಳುವುದು ತಪ್ಪಾಗುತ್ತದೆ. ಮೈಸೂರು ಸೀಮೆಯಲ್ಲಿಯೂ ಮುಂಬಯಿ ಕರ್ನಾಟಕದಲ್ಲಿಯೂ ಇವು ಬಳಕೆಯಲ್ಲಿವೆ. ಉತ್ತರ ಕನ್ನಡದ ತೋಟಿಗರು ಸ್ವಂತ ಜಮೀನನ್ನು ಮಾಲ್ಕಿ ಜಮೀನೆಂದೇ ಕರೆಯುತ್ತಾರೆ. ಆದರೆ ಈ ಪದಗಳ ಸರಣಿಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಯಾವುದೂ ಮರವನ್ನು ಉಳಿಸುವ ಮಾತಲ್ಲ. ಎಲ್ಲವೂ ಒಡೆತನದ, ಸಾಗಣೆಯ, ದಂಡದ ಮಾತುಗಳು. ಪರವಾನಗಿಯ ಕಾನೂನು ಮೊದಲಿಗೆ ಕೇಳಿದ ಪ್ರಶ್ನೆ 'ಈ ಮರ ಉಳಿಯಬೇಕೆ' ಎಂಬುದಲ್ಲ, 'ಈ ಮರ ಯಾರದು' ಎಂಬುದು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಂರಕ್ಷಣೆ ಎಂಬ ಹೊಸ ಉದ್ದೇಶ ಬಂದು ಸೇರಿದಾಗಲೂ ಹಳೆಯ ಪ್ರಶ್ನೆಯೇ ಅರ್ಜಿಯ ಮೊದಲ ಸಾಲಿನಲ್ಲಿ ಉಳಿಯಿತು. ಖಾಸಗಿ ಹೊಲದ ಒಂಟಿ ಮರದ ಮೇಲೆ ಕಠಿಣವಾಗಿ ನಡೆಯುವ ಈ ಕಾನೂನು ಸಾರ್ವಜನಿಕ ಭೂಮಿಯ ಸಾವಿರಾರು ಮರಗಳ ಮುಂದೆ ಮೆತ್ತಗಾಗುವುದಕ್ಕೆ ಕಾರಣ ಇಲ್ಲಿಯೇ ಇದೆಯೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಮೀಸಲು ಅರಣ್ಯದ ಚರಿತ್ರೆ ಬೇರೆಯೇ ದೊಡ್ಡ ವಿಷಯವಾದುದರಿಂದ ಅಗತ್ಯವಿದ್ದಷ್ಟನ್ನು ಮಾತ್ರ ಇಲ್ಲಿ ಮುಟ್ಟಲಾಗಿದೆ.

1

ಭೂಮಿಯೂ ಅದರ ಮೇಲಿನ ಮರವೂ ಬೇರೆ ಬೇರೆ ಸ್ವತ್ತುಗಳೆಂಬ ಕಲ್ಪನೆ ಹಳೆಯದು. ಮಾನ್ಯಖೇಟವನ್ನು, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ರಾಜಧಾನಿಯಾಗಿ ಮಾಡಿಕೊಂಡಿದ್ದ ರಾಷ್ಟ್ರಕೂಟರ ಕಾಲದ ಮತ್ತು ಶಿಲಾಹಾರರ ಕಾಲದ ದಾನಪತ್ರಗಳಲ್ಲಿ ಗ್ರಾಮವನ್ನು 'ಸವೃಕ್ಷಮಾಲಾಕುಲ'ವಾಗಿ, ಎಂದರೆ ಮರಗಳ ಸಾಲುಗಳ ಸಹಿತವಾಗಿ ಕೊಟ್ಟಿರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಹೀಗೆ ಬಿಡಿಸಿ ಹೇಳಬೇಕಾಯಿತೆಂದರೆ, ಹೇಳದೆ ಇದ್ದಲ್ಲಿ ಮರ ದಾನದೊಳಗೆ ಬಂದಿತೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಯಿತ್ತೆಂದು ಊಹಿಸಬಹುದು. ದಾನಪತ್ರಗಳ ಸೂತ್ರರೂಪದ ಮಾತುಗಳ ಮೇಲೆ ಹೆಚ್ಚು ಭಾರ ಹೇರಬಾರದು. ಆದರೂ ಈ ಪದ ಗಮನಾರ್ಹ.

ಆಸಫಜಾಹಿ ಆಡಳಿತದಲ್ಲಿ ಈ ವಿಂಗಡಣೆ ಹೆಚ್ಚು ಜಟಿಲವಾಯಿತು. ಪ್ರಾಂತ್ಯದ ಸುಮಾರು ಐದರಲ್ಲಿ ಮೂರು ಪಾಲು ನೇರವಾಗಿ ಸರಕಾರದ ಕಂದಾಯಕ್ಕೆ ಸೇರಿದ ದಿವಾನಿ ಅಥವಾ ಖಾಲ್ಸಾ ಭೂಮಿ. ಸುಮಾರು ಹತ್ತರಲ್ಲಿ ಒಂದು ಪಾಲು ನಿಜಾಮರ ಸ್ವಂತ ಖರ್ಚಿಗೆಂದು ಮೀಸಲಾದ ಸರ್ಫೇಖಾಸ್. ಉಳಿದುದು ಜಾಗೀರು, ಪಾಯಗಾ, ಸಂಸ್ಥಾನಗಳಿಗೆ ಹಂಚಿಹೋಗಿತ್ತು. ಒಂದೇ ಹಳ್ಳದ ಈ ದಂಡೆಯ ಮರಕ್ಕೆ ತಹಶೀಲದಾರನೂ ಆ ದಂಡೆಯ ಮರಕ್ಕೆ ಜಾಗೀರದಾರನೂ ಒಡೆಯನಾಗಿರುವುದು ಇಂಥ ವ್ಯವಸ್ಥೆಯಲ್ಲಿ ಅಸಹಜವಲ್ಲ. ಖಾಲ್ಸಾ ಹಳ್ಳಿಗಳಲ್ಲಿ ಮುಂಬಯಿ ಮಾದರಿಯ ರಯತವಾರಿ ಮೋಜಣಿ ನಡೆದು, 1317 ಫಸಲಿಯ ಅಂದರೆ 1907-08ರ ಭೂಕಂದಾಯ ಕಾಯಿದೆ ಪಟ್ಟೇದಾರನ ಹಕ್ಕುಗಳನ್ನು ಒಂದು ಕ್ರಮಕ್ಕೆ ತಂದಿತು. ಹೊರನಾಡಿನ ಸಂಶೋಧಕರ ಅನುಕೂಲಕ್ಕಾಗಿ ಒಂದು ಮಾತು: ಹೈದರಾಬಾದಿನ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕ ದೊರೆಯುತ್ತದೆ. ಹಳೆಯ ಕಾಯಿದೆಗಳೆಲ್ಲ ಈ ಗಣನೆಯಲ್ಲಿಯೇ ಇವೆ.

ಮುಂಬಯಿಯ 1879ರ ಕಂದಾಯ ಸಂಹಿತೆಯಲ್ಲಿ ಹಿಡುವಳಿಯ ಮರಗಳನ್ನು ಹಿಡುವಳಿದಾರನಿಗೆ ಬಿಟ್ಟುಕೊಡುತ್ತಲೇ, ಸರಕಾರ ತನಗೆಂದು ಕಾದಿರಿಸಿಕೊಂಡ ಮರಗಳನ್ನು ಅದರಿಂದ ಹೊರಗಿಡಲಾಗಿತ್ತು. 'ಕಾದಿರಿಸಿಕೊಂಡ' ಎಂಬ ಈ ವಿಶೇಷಣದಲ್ಲಿಯೇ ಇಪ್ಪತ್ತನೆಯ ಶತಮಾನದ ಪರವಾನಗಿಯ ಬೀಜವಿದೆ. ಮೈಸೂರಿನಲ್ಲಿ ಈ ತತ್ತ್ವದ ಪರಾಕಾಷ್ಠೆಯೆಂದರೆ ಗಂಧದ ಮರ. ಟಿಪ್ಪುವಿನ ಕಾಲದಲ್ಲಿ ರಾಜವೃಕ್ಷವೆನಿಸಿದ ಅದು ಯಾರ ಹೊಲದಲ್ಲಿ ಹುಟ್ಟಿದರೂ ಸರಕಾರದ್ದೇ ಆಗಿತ್ತು. 1963ರ ಅರಣ್ಯ ಕಾಯಿದೆಯೂ ಅದನ್ನೇ ಮುಂದುವರಿಸಿತು. 2001ರ ತಿದ್ದುಪಡಿಯ ನಂತರವೇ ಭೂಮಿಯ ಒಡೆಯನು ಗಂಧದ ಒಡೆಯನೂ ಆದನು. ತನ್ನ ನೆಲದಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ರೈತನು ಬೆಳೆಯಗೊಡದೆ ಕಿತ್ತೆಸೆಯುತ್ತಿದ್ದನೆಂಬುದು ಮಲೆನಾಡಿನಲ್ಲಿ ಎಲ್ಲರೂ ಹೇಳುವ ಮಾತು. ಸರಕಾರದ ಒಡೆತನ ಮರಕ್ಕೆ ಯಾವಾಗಲೂ ರಕ್ಷೆಯಾಗಲಿಲ್ಲವೆನ್ನುವುದಕ್ಕೆ ಇದು ಸಾಕು.

2

ಹೈದರಾಬಾದಿನಲ್ಲಿ ಗಂಧದ ಸ್ಥಾನದಲ್ಲಿದ್ದುದು ಈಚಲು ಮತ್ತು ತಾಳೆ. ಈಚಲಿನಿಂದ ಸೇಂದಿ, ತಾಳೆಯಿಂದ ತಾಡಿ. ಕಲಬುರಗಿಯ ಕಡೆ ಈಚಲನ್ನೇ ಸಿಂದಿ ಗಿಡವೆನ್ನುತ್ತಾರೆ. ಇಲ್ಲಿನ ಆಡುಮಾತಿನಲ್ಲಿ ಗಿಡವೆಂದರೆ ಮರವೇ. 1316 ಫಸಲಿಯ ಅಬಕಾರಿ ಕಾಯಿದೆ ಭೂಕಂದಾಯ ಕಾಯಿದೆಗಿಂತ ಒಂದು ವರ್ಷ ಹಿಂದಿನದು ಎಂಬುದನ್ನು ಮರೆಯಬಾರದು. ಅಬಕಾರಿ ನಿಜಾಮ ಸರಕಾರದ ಮುಖ್ಯ ಆದಾಯಗಳಲ್ಲೊಂದಾಗಿತ್ತು. ಒಂದೊಂದು ಮರವೂ ಒಂದೊಂದು ಖಾತೆಯಿದ್ದಂತೆ: ಅದಕ್ಕೆ ಸಂಖ್ಯೆ ಹಾಕಬೇಕು, ಮರದ ತೆರಿಗೆ ಕಟ್ಟಬೇಕು, ಗುತ್ತೇದಾರನು ಹರಾಜಿನಲ್ಲಿ ಹಿಡಿದಮೇಲೆ ಕೆತ್ತುವವನು ಹತ್ತಬೇಕು. ಮರ ಪಟ್ಟೇದಾರನ ಹೊಲದಲ್ಲಿದ್ದರೆ ಅವನಿಗೆ ಹಕ್ಕೆ ಮಾಲಿಕಾನಾ ಎಂಬ ಒಡೆತನದ ಪಾಲು ಸಲ್ಲುತ್ತಿತ್ತು. ಹೊಲ ಅವನದು, ಮರದ ನೆರಳು ಅವನದು, ರಸ ಮಾತ್ರ ಸರಕಾರದ್ದು. ಒಂದೇ ಮರದಲ್ಲಿ ಮೂರು ಹಕ್ಕುಗಳನ್ನು ಬಿಡಿಸಿ ಲೆಕ್ಕವಿಟ್ಟ ಈ ಆಡಳಿತದ ಸೂಕ್ಷ್ಮತೆಯನ್ನು ಮೆಚ್ಚಲೇಬೇಕು. ಅದರ ಪರಿಣಾಮವನ್ನು ಮೆಚ್ಚಬೇಕಾಗಿಲ್ಲ.

ಆದಕಾರಣ ಈಚಲು ಮರ ಕಡಿಯುವುದು ರಾಜಕೀಯ ಕೃತ್ಯವಾಗಿ ಮಾರ್ಪಟ್ಟಿತು. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಯಿತು, ಅವರಿಗೆ ಸೆರೆವಾಸವಾಯಿತು. ಅದಕ್ಕೂ ಮುಂಚೆ 1930ರಲ್ಲಿ ಉತ್ತರ ಕನ್ನಡದ ಅಂಕೋಲೆಯ ಕಡೆಯೂ ಇಂಥದೇ ಹೋರಾಟ ನಡೆದಿತ್ತು. ಹೈದರಾಬಾದಿನಲ್ಲಿ 1947ರ ಆಗಸ್ಟ್ 7ರಂದು ಸ್ವಾಮಿ ರಾಮಾನಂದತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸು ಭಾರತ ಒಕ್ಕೂಟಕ್ಕೆ ಸೇರಬೇಕೆಂಬ ದಿನವನ್ನು ಆಚರಿಸಿದ ಬಳಿಕ, ಕರೋಡಗಿರಿ ನಾಕೆಗಳನ್ನು ಅಂದರೆ ಸುಂಕದ ಕಟ್ಟೆಗಳನ್ನು ನಾಶಮಾಡುವುದೂ ಸಿಂದಿ ಗಿಡಗಳನ್ನು ಕಡಿಯುವುದೂ ಹೋರಾಟದ ಕಾರ್ಯಕ್ರಮಗಳಾದವು. ಗಡಿಯ ಶಿಬಿರಗಳಿಂದ ಹೊರಟು ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳ ಹಳ್ಳಿಗಳನ್ನು ಹೊಕ್ಕ ಸತ್ಯಾಗ್ರಹಿಗಳ ನೆನಪುಗಳಲ್ಲಿ ಈ ಸಂಗತಿ ಮತ್ತೆ ಮತ್ತೆ ಬರುತ್ತದೆ.

ಪಾನನಿರೋಧದ ಗಾಂಧೀತತ್ತ್ವ ಇದಕ್ಕೆ ಪ್ರೇರಣೆಯೆಂದು ವಿಮೋಚನಾ ಚಳವಳಿಯ ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಕೊಡಲಿಯ ಗುರಿ ಹೆಂಡವಾಗಿದ್ದಷ್ಟೇ ಖಜಾನೆಯೂ ಆಗಿತ್ತು. ಸಿಂದಿ ಗಿಡ ಮತ್ತು ಸುಂಕದ ಕಟ್ಟೆ ಒಂದೇ ಉಸಿರಿನಲ್ಲಿ ಬರುವುದು ಇದಕ್ಕೆ ಸಾಕ್ಷಿ. ಆ ಮರಗಳನ್ನು ಹತ್ತಿ ಬದುಕುತ್ತಿದ್ದ ಗೌಂಡ್ಲ, ಈಡಿಗ ಕುಟುಂಬಗಳಿಗೆ ಈ ಕಡಿತದಿಂದ ಏನಾಯಿತೆಂಬುದನ್ನು ನಮ್ಮ ಚಳವಳಿಯ ಚರಿತ್ರೆಗಳು ಬಹುಪಾಲು ವಿಚಾರಿಸಿಲ್ಲ.

ಇದೇ ಕಾಲದ ಮತ್ತೊಂದು ತುದಿಯಲ್ಲಿ ಆದಿಲಾಬಾದಿನ ಗೋಂಡರ ಸಂಕಟವಿದೆ. ಅರಣ್ಯ ಮೀಸಲಿನ ಗೆರೆಗಳು ಅವರ ಹೊಲಗಳ ಮೇಲೆಯೇ ಹಾದುಹೋದಾಗ ಎದ್ದ ಬಂಡಾಯದಲ್ಲಿ ಕೊಮರಂ ಭೀಮ 1940ರಲ್ಲಿ ಜೋಡೇಘಾಟಿನಲ್ಲಿ ಹತನಾದನು. ಅನಂತರ ಬಂದ 1355 ಫಸಲಿಯ, ಎಂದರೆ 1945-46ರ ಹೈದರಾಬಾದು ಅರಣ್ಯ ಕಾಯಿದೆ ನಿಜಾಮ ಪ್ರಭುತ್ವದ ಕೊನೆಯ ದೊಡ್ಡ ಕಾನೂನುಗಳಲ್ಲೊಂದು. ಕಾಯಿದೆ ಬಂದ ಮೂರು ವರ್ಷಗಳೊಳಗೆ ಪ್ರಭುತ್ವವೇ ಹೋಯಿತು, ಕಾಯಿದೆ ಉಳಿಯಿತು.

3

1949ರ ಜಾಗೀರು ರದ್ದತಿಯೊಂದಿಗೆ ಮೂರು ಬಗೆಯ ಒಡೆತನ ಒಂದಾಯಿತು. ಜಾಗೀರದಾರನ ಕಂಚೆ, ಸರ್ಫೇಖಾಸಿನ ಹುಲ್ಲುಗಾವಲು, ದಿವಾನಿಯ ಪರಂಪೋಕು ಇವೆಲ್ಲ ಸರಕಾರಿ ಎಂಬ ಒಂದೇ ಹೆಸರಿನಡಿ ಬಂದವು. ಇಲ್ಲಿ ಕಂಚೆ ಎಂಬ ಪದದ ಬಗ್ಗೆ ಎರಡು ಮಾತು ಅಗತ್ಯ. ತೆಲುಗಿನಲ್ಲಿ ಅದಕ್ಕೆ ಮುಳ್ಳುಬೇಲಿ ಎಂಬ ಅರ್ಥವೂ ಬೇಲಿಯಿಂದ ಕಾಯ್ದಿಟ್ಟ ಮೇವಿನ ಭೂಮಿ ಎಂಬ ಅರ್ಥವೂ ಇವೆ. ಕನ್ನಡದಲ್ಲಿ ಅದಕ್ಕೆ ಸಮನಾದುದು ಮೈಸೂರು ಸೀಮೆಯ ಕಾವಲು. ಅಮೃತಮಹಲ್ ಕಾವಲುಗಳು ಎಲ್ಲರಿಗೂ ಪರಿಚಿತ. ಕಾವಲೂ ಕಂಚೆಯೂ ಕಾಡಲ್ಲ, ಸಾಗುವಳಿಯೂ ಅಲ್ಲ. ಬಂಡೆ, ಕುರುಚಲು, ಹುಲ್ಲು, ನಡುನಡುವೆ ಮರಗಳಿರುವ ನೆಲ. ಕಾಡಲ್ಲವಾದುದರಿಂದ ಅರಣ್ಯ ಕಾಯಿದೆ ಇದರ ಕಡೆ ನೋಡಲಿಲ್ಲ. ಬೆಳೆಯಿಲ್ಲವಾದುದರಿಂದ ಕಂದಾಯ ದಾಖಲೆ ಇದನ್ನು ಖಾಲಿ ನೆಲವೆಂದು ಬರೆಯಿತು.

1956ರಲ್ಲಿ ಪ್ರಾಂತ್ಯವೇ ಹರಿದು ಮೂರು ರಾಜ್ಯಗಳಿಗೆ ಹಂಚಿಹೋಯಿತು. ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು, ರಾಯಚೂರಿನಿಂದ ಆಲಂಪುರ ಮತ್ತು ಗದ್ವಾಲ, ಬೀದರದಿಂದ ಜಹೀರಾಬಾದು, ನಾರಾಯಣಖೇಡ ಮೊದಲಾದ ಭಾಗಗಳು ಆಂಧ್ರಪ್ರದೇಶಕ್ಕೆ ಸೇರಿದವು. ಆದರೂ ಕೆಲವು ವರ್ಷ ಗಡಿಯ ಎರಡೂ ಕಡೆ 1355 ಫಸಲಿಯ ಕಾಯಿದೆಯೇ ನಡೆಯಿತು. ರಾಜ್ಯ ಬೇರೆಯಾದರೂ ಮರದ ಕಾನೂನು ಒಂದೇ ಆಗಿದ್ದ ಈ ಅವಧಿಯನ್ನು ಯಾರೂ ಅಷ್ಟಾಗಿ ಲಕ್ಷಿಸಿದಂತಿಲ್ಲ. ಈಚೆ 1963ರ ಅರಣ್ಯ ಕಾಯಿದೆ, ಆಚೆ 1967ರ ಆಂಧ್ರಪ್ರದೇಶ ಅರಣ್ಯ ಕಾಯಿದೆ ಬಂದಮೇಲೆ ದಾರಿಗಳು ಕವಲೊಡೆದವು. ಆಂಧ್ರದಲ್ಲಿ 1970ರ ಸಾಗಣೆ ನಿಯಮಗಳು ಮತ್ತು 1978ರ ಖಾಸಗಿ ಅರಣ್ಯ ಸಂರಕ್ಷಣಾ ನಿಯಮಗಳು ಜಾರಿಗೆ ಬಂದವು. ಮರವನ್ನು ಕಡಿಯುವುದರ ಮೇಲಿನ ಹಿಡಿತಕ್ಕಿಂತ ಕಡಿದ ಮರ ಸಾಗುವುದರ ಮೇಲಿನ ಹಿಡಿತವೇ ಇವುಗಳಲ್ಲಿ ಪ್ರಧಾನ. ರಹದಾರಿಯಿಲ್ಲದೆ ಗಾಡಿ ಹೊರಟರೆ ಅಪರಾಧ. ಕಡಿದು ಅಲ್ಲಿಯೇ ಸುಟ್ಟರೆ ಕೇಳುವವರು ಕಡಿಮೆ.

ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯಿದೆ ಈ ಪರಂಪರೆಯಿಂದ ಒಂದು ಹೆಜ್ಜೆ ಬೇರೆ ಕಡೆಗೆ ಇಟ್ಟಿತು. ಹೆಸರಿನಲ್ಲಿಯೇ ಸಂರಕ್ಷಣೆ ಇದೆ. ಹಿಂದಿನ ವರ್ಷ ಮಹಾರಾಷ್ಟ್ರ ತನ್ನ ನಗರಪ್ರದೇಶಗಳಿಗಾಗಿ ಇಂಥದೊಂದು ಕಾಯಿದೆ ಮಾಡಿತ್ತು; ದೆಹಲಿಯ ಕಾಯಿದೆ ಬಂದುದು 1994ರಲ್ಲಿ. ಕರ್ನಾಟಕದ ಕಾಯಿದೆ ಮರ ಅಧಿಕಾರಿ ಎಂಬ ಹೊಸ ಹುದ್ದೆಯನ್ನು ಸೃಷ್ಟಿಸಿತು. ಮರಗಳ ಗಣತಿಯ ಹೊಣೆಯನ್ನು ವಿಧಿಸಿತು. ಕಡಿಯುವ ಮುನ್ನ ಅನುಮತಿ, ಕಡಿದಮೇಲೆ ಸಸಿ ನೆಡುವ ಷರತ್ತು ಎಂಬ ಕ್ರಮವನ್ನು ತಂದಿತು. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಉರುಳಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಾಗಿದ್ದರೆ ಅನುಮತಿಯನ್ನು ನಿರಾಕರಿಸಕೂಡದು. ಸರ್ವೆ, ನೀಲಗಿರಿ, ತೆಂಗು, ರಬ್ಬರು, ಸಿಲ್ವರ್ ಓಕ್, ಸುಬಾಬುಲ್ ಮುಂತಾದವುಗಳಿಗೆ ವಿನಾಯಿತಿ. ಬೆಳೆಗಾರನು ತಾನೇ ನೆಟ್ಟು ತಾನೇ ಕೊಯ್ಯುವ ಮರವನ್ನು ಬೆಳೆಯೆಂದೇ ಎಣಿಸಬೇಕೆಂಬ ನ್ಯಾಯ ಇಲ್ಲಿದೆ. 50ಕ್ಕಿಂತ ಹೆಚ್ಚು ಮರಗಳನ್ನು ಸಾರ್ವಜನಿಕ ಕಾಮಗಾರಿಗಾಗಿ ಕಡಿಯಬೇಕಾದಾಗ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕೆಂಬುದು ಮುಂದಿನ ತಿದ್ದುಪಡಿಯಿಂದ ಬಂದುದು.

ದೋಷವೂ ಇತ್ತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಲ್ಲಿ ಮರ ಅಧಿಕಾರಿ ಕುಳಿತುಕೊಳ್ಳುತ್ತಿದ್ದುದು ಪಾಲಿಕೆಯೊಳಗೇ. ರಸ್ತೆ ಅಗಲ ಮಾಡಬೇಕೆನ್ನುತ್ತಿದ್ದುದೂ ಪಾಲಿಕೆಯೇ. ಅರ್ಜಿದಾರನೂ ತೀರ್ಪುಗಾರನೂ ಒಂದೇ ಮನೆಯವರಾದ ಈ ಏರ್ಪಾಟಿನ ಬಗ್ಗೆ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಹಲವು ವ್ಯಾಜ್ಯಗಳು ನಡೆದಿವೆ.

4

ಹೈದರಾಬಾದು ನಗರಕ್ಕೆ ಇಂಥ ಕಾಯಿದೆ ಬರಲು ಮತ್ತೆ ಇಪ್ಪತ್ತಾರು ವರ್ಷ ಹಿಡಿಯಿತು. ಬಂದುದೂ ಮರದ ಹೆಸರಿನಲ್ಲಲ್ಲ. 2002ರ ಆಂಧ್ರಪ್ರದೇಶ ನೀರು, ಭೂಮಿ ಮತ್ತು ಮರಗಳ ಕಾಯಿದೆ, ಜನರ ಬಾಯಲ್ಲಿ 'ವಾಲ್ಟಾ', ಬರದ ವರ್ಷಗಳ ಕೂಸು. ಕೊಳವೆಬಾವಿಗಳು ಆಳಕ್ಕಿಳಿದು ಬತ್ತುತ್ತಿದ್ದ ಕಾಲದಲ್ಲಿ, ಕುಡಿಯುವ ನೀರಿನ ಅಂತರ್ಜಲಕ್ಕಾಗಿ 1996ರಲ್ಲಿ ಮಾಡಿದ್ದ ಕಾಯಿದೆಯ ಸ್ಥಾನದಲ್ಲಿ ಬಂದ ವಿಸ್ತೃತ ಶಾಸನವಿದು. ಅದರ ಹೆಸರಿನಲ್ಲಿ ಮರ ಮೂರನೆಯದು, ಮನಸ್ಸಿನಲ್ಲಿಯೂ ಹಾಗೆಯೇ. ಆದರೂ ನೀರು, ನೆಲ, ಮರ ಒಂದೇ ವಿಷಯವೆಂದು ಒಪ್ಪಿಕೊಂಡ ಕಾನೂನು ನಮ್ಮಲ್ಲಿ ಅಪರೂಪವೆಂಬುದನ್ನು ಹೇಳಲೇಬೇಕು. ಕರ್ನಾಟಕದ ಕಾಯಿದೆಗೆ ಈ ದೃಷ್ಟಿಯಿಲ್ಲ.

ನೀರಿಗೂ ಮರಕ್ಕೂ ಇರುವ ನಂಟು ಈ ನಗರಕ್ಕೆ ಹೊಸದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಾಗ ಅಫ್ಜಲಗಂಜಿನ ಹುಣಿಸೆಮರವೊಂದನ್ನು ಏರಿ ಸುಮಾರು 150 ಮಂದಿ ಬದುಕಿದರೆಂದು ಪ್ರತೀತಿ. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಆ ಮರಕ್ಕೆ ಈಗಲೂ ಗೌರವ ಸಲ್ಲುತ್ತಿದೆ. ಆ ಪ್ರಳಯದ ಮರುವರ್ಷ ನಿಜಾಮ ಸರಕಾರದ ಕರೆಯ ಮೇಲೆ ಬಂದ ಎಂ. ವಿಶ್ವೇಶ್ವರಯ್ಯನವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್‌ಸಾಗರವೂ 1927ರಲ್ಲಿ ಹಿಮಾಯತ್‌ಸಾಗರವೂ ಸಿದ್ಧವಾದವು.

ವಾಲ್ಟಾ ಮೇರೆಗೆ ನಿಗದಿತ ಅಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಕಡಿದುದಕ್ಕೆ ಪ್ರತಿಯಾಗಿ ಸಸಿ ನೆಡಬೇಕು. ರಾಜ್ಯಮಟ್ಟದಿಂದ ಮಂಡಲದವರೆಗೆ ಪ್ರಾಧಿಕಾರಗಳನ್ನು ಕಲ್ಪಿಸಲಾಯಿತು. 2004ರ ನಿಯಮಗಳು ಅನುಮತಿಯ ಕೆಲಸವನ್ನು ಅರಣ್ಯಾಧಿಕಾರಿಗಳಿಗೆ ಒಪ್ಪಿಸಿದವು; ನಗರದಲ್ಲಿ ವೃಕ್ಷಸಂರಕ್ಷಣಾ ಸಮಿತಿ ಅರ್ಜಿಗಳನ್ನು ಪರಿಶೀಲಿಸುತ್ತಿತ್ತು. ಇಲ್ಲಿಯೂ ನೀಲಗಿರಿ, ಸರ್ವೆ, ಸುಬಾಬುಲ್‌ಗಳಂಥ ಜಾತಿಗಳಿಗೆ ವಿನಾಯಿತಿ ದೊರೆಯಿತು. ಕಾಗದದ ಗಿರಣಿಗಳಿಗೆ ಕಟ್ಟಿಗೆ ಬೆಳೆದು ಮಾರುವ ರೈತನಿಗೆ ಇದರಿಂದ ನೆಮ್ಮದಿಯಾಯಿತು. 2014ರಲ್ಲಿ ರಾಜ್ಯ ಒಡೆದಾಗ ತೆಲಂಗಾಣ ಈ ಕಾಯಿದೆಯನ್ನು ಹಾಗೆಯೇ ತನ್ನದಾಗಿಸಿಕೊಂಡಿತು.

ಖಾಸಗಿ ನಿವೇಶನದಲ್ಲಿ ಒಂದು ಬೇವಿನ ಮರವನ್ನು ತೆಗೆಯಲು ಹೊರಟವನಿಗೆ ಈ ಕ್ರಮ ಸಾಕಷ್ಟು ದೀರ್ಘವಾದುದು. ಪರೀಕ್ಷೆ ಬಂದುದು ಸಾರ್ವಜನಿಕ ಭೂಮಿಯಲ್ಲಿ. 2016ರಲ್ಲಿ ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನದ ಸುತ್ತ ಮೇಲ್ಸೇತುವೆಗಳನ್ನು ಕಟ್ಟುವ ಯೋಜನೆಗೆ ಸಾವಿರಾರು ಮರಗಳು ಬಲಿಯಾಗಲಿದ್ದವು. ನಾಗರಿಕರ ದೂರಿನ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ತಡೆ ನೀಡಿತು. ಮರ ಕಾಯಿದೆಯ ಅಧಿಕಾರಿಯಿಂದ ಅಲ್ಲ, ನ್ಯಾಯಾಧಿಕರಣದಿಂದ ಎಂಬುದನ್ನು ಗುರುತಿಸಬೇಕು.

ಕನ್ನಡಿಗರಿಗೆ ಹೆಚ್ಚು ಹತ್ತಿರವಾದ ಪ್ರಕರಣ ಹೈದರಾಬಾದು-ವಿಜಯಪುರ ರಸ್ತೆಯ ಆಲದ ಮರಗಳದು. ಮೊಯಿನಾಬಾದಿನಿಂದ ಚೇವೆಳ್ಳ ದಾಟಿ ಮನ್ನೆಗೂಡದವರೆಗೆ ಈ ಹಾದಿಯ ಇಕ್ಕೆಲಗಳಲ್ಲಿ ಒಂಬತ್ತು ನೂರಕ್ಕೂ ಹೆಚ್ಚು ಆಲಗಳಿವೆ. ನಿಜಾಮರ ಕಾಲದ ಸಾಲುಮರಗಳೆಂದು ಅವು ಪ್ರಸಿದ್ಧ. ಈ ದಾರಿಯೇ ಮುಂದೆ ಪರಿಗಿ, ಕೊಡಂಗಲ್ ಮುಖಾಂತರ ಕನ್ನಡ ನಾಡನ್ನು ಮುಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸುವ ಯೋಜನೆ ಬಂದಾಗ ವಿವಾದ ಚೆನ್ನೈನ ಹಸಿರು ನ್ಯಾಯಾಧಿಕರಣಕ್ಕೆ ಹೋಯಿತು; ವರ್ಷಗಳ ವ್ಯಾಜ್ಯದ ನಂತರ 2025ರಲ್ಲಿ ಬಹುಪಾಲು ಮರಗಳನ್ನು ಇದ್ದಲ್ಲಿಯೇ ಉಳಿಸುವ ವಿನ್ಯಾಸದೊಡನೆ ಕಾಮಗಾರಿಗೆ ದಾರಿಯಾಯಿತು. ಮಾಗಡಿ ತಾಲೂಕಿನ ಹುಲಿಕಲ್ಲು-ಕುದೂರು ರಸ್ತೆಯಲ್ಲಿ 385 ಆಲಗಳನ್ನು ಬೆಳೆಸಿದ, 2025ರಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರೂ 2019ರಲ್ಲಿ ರಸ್ತೆ ಅಗಲೀಕರಣದಿಂದ ತಮ್ಮ ಮರಗಳನ್ನು ಉಳಿಸಿಕೊಡಿರೆಂದು ಮುಖ್ಯಮಂತ್ರಿಗಳಲ್ಲಿ ಕೇಳಿಕೊಳ್ಳಬೇಕಾಯಿತು. ನೆಟ್ಟವರು ಯಾರೇ ಆಗಿರಲಿ, ರಸ್ತೆಯ ಬದಿಯ ಮರ ರಸ್ತೆಯ ಒಡೆಯನದು. ನೆಟ್ಟವರಿಗೆ ಕಾನೂನಿನಲ್ಲಿ ಸ್ಥಾನವಿಲ್ಲ.

5

ಈ ಎಲ್ಲ ಎಳೆಗಳೂ ಗಂಟುಬಿದ್ದುದು ಕಂಚೆ ಗಚ್ಚಿಬೌಲಿಯಲ್ಲಿ. ತೆಲಂಗಾಣ, ಆಂಧ್ರಗಳ ನಡುವಿನ ಕಲಹವನ್ನು ತಣಿಸಲು 1973ರಲ್ಲಿ ಒಪ್ಪಿದ ಆರು ಅಂಶಗಳ ಸೂತ್ರದ ಒಂದು ಅಂಶವಾಗಿ, ಸಂವಿಧಾನಕ್ಕೆ 371-ಇ ವಿಧಿಯನ್ನು ಸೇರಿಸಿ, ಸಂಸತ್ತಿನ ಕಾಯಿದೆಯಿಂದ 1974ರಲ್ಲಿ ಹೈದರಾಬಾದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಗರದ ಹೊರಗೆ ಸುಮಾರು 2,300 ಎಕರೆ ಅದಕ್ಕೆ ದೊರೆಯಿತು. ಬಂಡೆಗಳು, ಕೆರೆಗಳು, ಜಿಂಕೆ, ನವಿಲುಗಳಿದ್ದ ನೆಲ. ಭೂಮಿ ಬಳಕೆಗೆ ಸಿಕ್ಕಿತೇ ಹೊರತು ಒಡೆತನ ವಿಧಿವತ್ತಾಗಿ ವರ್ಗವಾಗಲಿಲ್ಲ. ಅದರಲ್ಲಿ 400 ಎಕರೆಯನ್ನು ಆಂಧ್ರಪ್ರದೇಶ ಸರಕಾರ ಕ್ರೀಡಾ ಯೋಜನೆಯೊಂದಕ್ಕಾಗಿ ಖಾಸಗಿಯವರಿಗೆ ಕೊಟ್ಟು 2006ರಲ್ಲಿ ಹಿಂದಕ್ಕೆ ಪಡೆಯಿತು. ಆ ವ್ಯಾಜ್ಯ 2024ರಲ್ಲಿ ಸರಕಾರದ ಪರವಾಗಿ ಮುಗಿಯಿತು. ಅದರ ಬೆನ್ನಿಗೇ ತೆಲಂಗಾಣ ಸರಕಾರದ ಕೈಗಾರಿಕಾ ಮೂಲಸೌಕರ್ಯ ನಿಗಮ ಈ ನೆಲವನ್ನು ಅಭಿವೃದ್ಧಿಪಡಿಸಿ ಹರಾಜು ಹಾಕಲು ಮುಂದಾಯಿತು.

2025ರ ಮಾರ್ಚ್ ಕೊನೆಯಲ್ಲಿ, ಯುಗಾದಿಯ ರಜೆಯ ದಿನಗಳಲ್ಲಿ, ಯಂತ್ರಗಳು ಒಳಹೊಕ್ಕವು. ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದರು, ಹಲವರು ಬಂಧನಕ್ಕೊಳಗಾದರು. ಏಪ್ರಿಲ್ 2ರಂದು ತೆಲಂಗಾಣ ಉಚ್ಚ ನ್ಯಾಯಾಲಯ ತಾತ್ಕಾಲಿಕ ತಡೆ ನೀಡಿತು. ಮರುದಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಬಿ. ಆರ್. ಗವಾಯಿ ಮತ್ತು ಎ. ಜಿ. ಮಸೀಹ್ ಅವರ ಪೀಠ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ಉಚ್ಚ ನ್ಯಾಯಾಲಯದ ನ್ಯಾಯಿಕ ರಿಜಿಸ್ಟ್ರಾರರನ್ನು ಸ್ಥಳಕ್ಕೆ ಕಳಿಸಿತು. ಸುಮಾರು 100 ಎಕರೆಯಷ್ಟು ಹಸಿರು ಆ ವೇಳೆಗೆ ಹೋಗಿತ್ತೆಂಬ ವರದಿ ಬಂದಕೂಡಲೇ ಕಡಿತವನ್ನು ಪೂರ್ತಿಯಾಗಿ ನಿಲ್ಲಿಸಲು ಆಜ್ಞೆಯಾಯಿತು.

ಏಪ್ರಿಲ್ 16ರ ವಿಚಾರಣೆಯಲ್ಲಿ ಪೀಠ ಕೇಳಿದ ಮುಖ್ಯ ಪ್ರಶ್ನೆಗಳಲ್ಲೊಂದು ಬಹಳ ಸರಳವಾದುದು: ಮರ ಕಡಿಯಲು ಅನುಮತಿ ಪಡೆದಿದ್ದಿರಾ? ಸರಕಾರದ ಪಕ್ಷದ ಉತ್ತರದಲ್ಲಿ ವಾಲ್ಟಾ ನಿಯಮಗಳಡಿಯ ವಿನಾಯಿತಿ, ಸ್ವಯಂ ದೃಢೀಕರಣ ಎಂಬ ಮಾತುಗಳಿದ್ದವು. ಹೊಲದಲ್ಲಿ ಸರ್ವೆ ಬೆಳೆದ ರೈತನ ಸೌಕರ್ಯಕ್ಕೆಂದು ಹುಟ್ಟಿದ ವಿನಾಯಿತಿ ಎರಡು ದಶಕಗಳಲ್ಲಿ ಸರಕಾರದ ನಿಗಮದ ರಕ್ಷಾಕವಚವಾದುದನ್ನು ಇಲ್ಲಿ ಕಾಣಬಹುದು. ಬೆಳೆಗಾರನು ನೆಟ್ಟ ಸುಬಾಬುಲ್ ಬೇರೆ, ಕಂಚೆಯಲ್ಲಿ ಹಕ್ಕಿ ಬಿತ್ತಿದ ಸುಬಾಬುಲ್ ಬೇರೆ. ಜಾತಿಯನ್ನು ಮಾತ್ರ ನೋಡಿ ಸನ್ನಿವೇಶವನ್ನು ನೋಡದ ಪಟ್ಟಿಗೆ ಈ ವ್ಯತ್ಯಾಸ ತಿಳಿಯದು.

ಆ ನೆಲದ ಹಳೆಯ ಹೆಸರೂ ವಾದದಲ್ಲಿ ಬಂದಿತು. ಕಂದಾಯ ದಾಖಲೆಗಳಲ್ಲಿ ಅದು 'ಕಂಚೆ ಅಸ್ತಬಲ್ ಪೋರಂಬೋಕ್ ಸರ್ಕಾರಿ' ಎಂದಿದೆಯೆಂದೂ ಆದುದರಿಂದ ಅರಣ್ಯವಲ್ಲವೆಂದೂ ಸರಕಾರದ ನಿಲುವು. ತೆಲುಗು, ಅರಬ್ಬಿ, ತಮಿಳು, ಪಾರಸಿ ಎಂದು ನಾಲ್ಕು ಭಾಷೆಗಳಿಂದ ಬಂದ ಈ ನಾಲ್ಕು ಪದಗಳನ್ನು ಬಿಡಿಸಿದರೆ 'ಕುದುರೆ ಲಾಯದ ಮೇವಿಗಾಗಿ ಕಾದಿಟ್ಟ, ಕಂದಾಯವಿಲ್ಲದ, ಸರಕಾರದ ನೆಲ' ಎಂದಾಗುತ್ತದೆ. ಕುದುರೆಗಳು ಹೋಗಿ ಎಷ್ಟೋ ಕಾಲವಾಗಿದೆ. ಅದು ಅರಣ್ಯವಲ್ಲವೆಂದು ಆ ಬರಹ ಹೇಳುವುದಿಲ್ಲ. ಅಲ್ಲಿ ಏನು ಬೆಳೆದಿದೆಯೆಂಬುದೇ ಆ ದಾಖಲೆಯ ವಿಷಯವಲ್ಲ. ಇದಕ್ಕೆ ಎದುರಾಗಿ ನಿಂತುದು ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ ಮಾಡಿದ ಆಜ್ಞೆ. ಅರಣ್ಯವೆಂದರೆ ನಿಘಂಟಿನ ಅರ್ಥದ ಅರಣ್ಯ, ಒಡೆತನ ಯಾರದೇ ಆಗಿರಲಿ ಎಂದು ಅದು ಹೇಳಿತ್ತು. ರಾಷ್ಟ್ರಕೂಟರ ದಾನಪತ್ರದಿಂದ 1355 ಫಸಲಿಯವರೆಗೆ ಮರದ ಕಾನೂನನ್ನು ಆಳಿದ 'ಯಾರದು' ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು 'ಏನಿದೆ' ಎಂದು ಕೇಳಿದ ಮೊದಲ ದೊಡ್ಡ ಆಜ್ಞೆಯಿದು. 1996ರ ಆಜ್ಞೆಯನ್ನು ಮೀರಿ ನಡೆದುದಾದರೆ ಅಧಿಕಾರಿಗಳು ಹೊಣೆಯಾಗಬೇಕಾದೀತೆಂದು ಎಚ್ಚರಿಸಿದ ಪೀಠ, ಬೋಳಾದ 100 ಎಕರೆಯನ್ನು ಮತ್ತೆ ಹಸಿರುಗೊಳಿಸುವ ಯೋಜನೆಯನ್ನು ಸಲ್ಲಿಸುವಂತೆ ರಾಜ್ಯಕ್ಕೆ ಸೂಚಿಸಿತು.

ಇಲ್ಲಿ ಕೆಲಸಮಾಡಬಯಸುವ ಸಂಶೋಧಕರಿಗೆ ಆಕರಗಳ ಬಗ್ಗೆ ಒಂದೆರಡು ಸೂಚನೆಗಳನ್ನು ಕೊಡಬಹುದು. ಅಬಕಾರಿ ಮರಗಳ ಲೆಕ್ಕಗಳು ಉರ್ದುವಿನಲ್ಲಿವೆಯೆಂಬ ಕಾರಣದಿಂದ ಕನ್ನಡ ಸಂಶೋಧನೆ ಅವುಗಳನ್ನು ಮುಟ್ಟಿದ್ದು ಕಡಿಮೆ. ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಿಂದ ಆರಂಭಿಸುವುದು ಒಳ್ಳೆಯದು. 1956ಕ್ಕೆ ಮುಂಚಿನ ಗುಲಬರ್ಗಾ ಜಿಲ್ಲೆಯನ್ನು ಅಭ್ಯಸಿಸುವವರು ಕೊಡಂಗಲ್, ತಾಂಡೂರುಗಳ ದಾಖಲೆಗಳನ್ನು ಗಡಿಯಾಚೆಯ ಕಚೇರಿಗಳಲ್ಲಿ ಹುಡುಕಬೇಕಾಗುತ್ತದೆ. ಕರ್ನಾಟಕದ ಪಹಣಿಯಲ್ಲಿ ಮರಗಳ ಹೆಸರು ಮತ್ತು ಸಂಖ್ಯೆಯನ್ನು ಬರೆಯಲು ಪ್ರತ್ಯೇಕ ಅಂಕಣವೇ ಇದೆ. ಗ್ರಾಮಲೆಕ್ಕಿಗನು ಅದನ್ನು ತುಂಬಿದ ಊರುಗಳಲ್ಲಿ ಒಂದೊಂದು ಸರ್ವೆ ನಂಬರಿನ ಬೇವು, ಮಾವು, ಹುಣಿಸೆಗಳ ಏರಿಳಿತವನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಬಹುದು. ಬಹಳಷ್ಟು ಊರುಗಳಲ್ಲಿ ಆ ಅಂಕಣ ಖಾಲಿಯಿರುತ್ತದೆ. ಅಂಥಲ್ಲಿ ಹಳೆಯ ಪಂಚನಾಮೆಗಳೂ ರಹದಾರಿಯ ಸ್ಥಳಪ್ರತಿಗಳೂ ನೆರವಿಗೆ ಬಂದಾವು.